ಅಳುವ ಮಗು ಮತ್ತು ಕಲಾ ಉತ್ಸವ

ಪ್ರಶ್ನೆ: ದೊಡ್ಡವಳಿಗೆ 7 ವರ್ಷ, ಚಿಕ್ಕವನಿಗೆ 3. ಹೋದ ಸಲ ಕಲಾ ಉತ್ಸವದ ಬೊಂಬೆಯಾಟದಲ್ಲಿ ದೀಪ ಆರಿದ್ದೇ ತಡ, ಚಿಕ್ಕವನು ಜೋರಾಗಿ ಅತ್ತ. ಎಲ್ಲರೂ ತಿರುಗಿ ನೋಡಿದರು, ಎದ್ದು ಬಂದೆವು. ಈ ಸಲ ಇಬ್ಬರನ್ನೂ ಕರೆದುಕೊಂಡು ಹೋಗಬಹುದಾ?

ಉತ್ತರ: ಖಂಡಿತ ಹೋಗಿ. 3 ವರ್ಷದ ಮಗು ಕತ್ತಲೆಗೆ ಹೆದರುವುದು ಸಹಜ ಅಲ್ವಾ, ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಈಗ ಎಷ್ಟೋ ಉತ್ಸವಗಳಲ್ಲಿ ‘ರಿಲ್ಯಾಕ್ಸ್ಡ್’ ಪ್ರದರ್ಶನ ಅಂತಲೇ ಇಡುತ್ತಾರೆ. ಅಲ್ಲಿ ದೀಪ ಪೂರ್ತಿ ಆರಿಸುವುದಿಲ್ಲ, ಸದ್ದು ಕಡಿಮೆ ಇರುತ್ತದೆ, ಮಕ್ಕಳು ಮಾತಾಡಿದರೂ ನಡುವೆ ಎದ್ದು ಹೋಗಿ ಬಂದರೂ ಯಾರೂ ಗದರುವುದಿಲ್ಲ. ಟಿಕೆಟ್ ತೆಗೆಯುವಾಗ ಇದನ್ನು ಕೇಳಿ. ಯಾವ ವಯಸ್ಸಿಗೆ, ಎಷ್ಟು ನಿಮಿಷ ಅಂತಲೂ ನೋಡಿ. ಚಿಕ್ಕವನಿಗೆ ಅರ್ಧ ಗಂಟೆಯದೇ ಸಾಕು. ಸಾಲಿನ ತುದಿಯ ಸೀಟು ಹಿಡಿದರೆ ಹೊರಗೆ ಬರುವುದು ಸುಲಭ.

ಸಂಗೀತ ಜೋರಾಗಿದ್ದರೆ ಮಕ್ಕಳ ಇಯರ್‌ಮಫ್ (ಕಿವಿ ಮುಚ್ಚಿ ಸದ್ದು ತಗ್ಗಿಸುವ ಸಾಧನ) ಹಾಕಲೇಬೇಕು. 85 ಡೆಸಿಬಲ್ ದಾಟಿದ ಸದ್ದನ್ನು ಜಾಸ್ತಿ ಹೊತ್ತು ಕೇಳಿದರೆ ಕಿವಿಗೆ ಪೆಟ್ಟು. ಪಕ್ಕದವರ ಜೊತೆ ಕಿರುಚಿ ಮಾತಾಡಬೇಕಾಗಿ ಬಂದರೆ ಸದ್ದು ಅಷ್ಟಿದೆ ಅಂತ ತಿಳಿಯಿರಿ.

ಮತ್ತೆ, ದಿನಕ್ಕೆ ಒಂದೇ ಪ್ರದರ್ಶನ ಸಾಕು, ಅದೂ ಚಿಕ್ಕವನ ನಿದ್ದೆ ಮುಗಿದ ಮೇಲೆ. ದೊಡ್ಡವಳನ್ನು ಮಾತ್ರ ಬಣ್ಣದ ಅಥವಾ ಮುಖವಾಡದ ಕಾರ್ಯಾಗಾರಕ್ಕೆ ಕೂರಿಸಿ, ನಿಮ್ಮಲ್ಲೊಬ್ಬರು ಅವಳ ಜೊತೆಗಿರಿ. ತಮ್ಮನಿಗೋಸ್ಕರ ಅವಳು ಹೋದ ಸಲ ಆಟ ಅರ್ಧಕ್ಕೇ ಬಿಟ್ಟು ಬಂದಿದ್ದಾಳೆ, ಪಾಪ.