ಮೂರು ಸಲ ಸೆಮೆನ್ ಕೊಡಿಸಿದರೂ ಗಬ್ಬ ನಿಂತಿಲ್ಲ, ಹಸುವಿನ ರಕ್ತದಲ್ಲಿ ಹಾರ್ಮೋನ್ ನೋಡಿಸಬಹುದಾ?

ನೋಡಿಸಬಹುದು. ಆದರೆ ಯಾವತ್ತೋ ಒಂದು ದಿನ ಒಂದು ಟ್ಯೂಬ್ ರಕ್ತ ತೆಗೆಸಿದರೆ ಸುಮ್ನೆ ದುಡ್ಡು ದಂಡ.

ನಾನು ಪಶುವೈದ್ಯಕೀಯ ಓದುವಾಗ ಹಸುಗಳ ರಕ್ತದಲ್ಲಿ ಹಾರ್ಮೋನ್ ನೋಡುವ ಕೆಲಸವನ್ನೇ ಮಾಡುತ್ತಿದ್ದೆ. ನಿಮಗೆ ಬೇಕಾಗಿರುವುದು ಪ್ರೊಜೆಸ್ಟರಾನ್ ಎಂಬ ಹಾರ್ಮೋನ್. ಬೆದೆಗೆ ಬಂದ ದಿನ ಇದು ಮಿಲಿಲೀಟರ್‌ಗೆ 1 ನ್ಯಾನೋಗ್ರಾಂಗಿಂತ ಕಡಿಮೆ ಇರುತ್ತದೆ. ಅಂಡ ಬಿಡುಗಡೆಯಾದ ಜಾಗದಲ್ಲಿ ಒಂದು ಹಳದಿ ಗಂಟು ಬೆಳೆಯುತ್ತದೆ, ಡಾಕ್ಟರು ಸಿಎಲ್ ಅನ್ನುವುದು ಅದಕ್ಕೇ. ಅದು ದೊಡ್ಡದಾದಂತೆ ಪ್ರೊಜೆಸ್ಟರಾನ್ ಏರುತ್ತದೆ. ಗಬ್ಬ ನಿಲ್ಲದಿದ್ದರೆ ಗಂಟು ಕರಗಿ, 21 ದಿನದ ಆಸುಪಾಸಿನಲ್ಲಿ ಮತ್ತೆ ಬೆದೆ.

ಹಾಗಾಗಿ ಮೂರು ಟ್ಯೂಬ್ ತೆಗೆಸಿ: ಸೆಮೆನ್ ಕೊಡಿಸಿದ ದಿನ, 11ನೇ ದಿನ, 22ನೇ ದಿನ. ಮೊದಲನೆಯದೇ ಜಾಸ್ತಿ ಬಂದರೆ ಅವತ್ತು ಹಸು ಬೆದೆಯಲ್ಲಿರಲೇ ಇಲ್ಲ ಅಂತ ಅರ್ಥ. ಇದು ನೀವು ಅಂದುಕೊಂಡಷ್ಟು ಅಪರೂಪವಲ್ಲ. 11ನೇ ದಿನವೂ ಕಡಿಮೆ ಇದ್ದರೆ ಅಂಡ ಬಿಡುಗಡೆಯಾಗಿಲ್ಲ ಎಂಬ ಅನುಮಾನ. 22ನೇ ದಿನ ಕಡಿಮೆ ಬಂದರೆ ಗಬ್ಬ ಇಲ್ಲ, ಅದು ಬಹುತೇಕ ಖಚಿತ. ಜಾಸ್ತಿ ಬಂದರೆ ಇರಬಹುದು ಅಷ್ಟೇ. ಆಮೇಲೆ ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಲೇಬೇಕು.

ಐಸ್ ಮರೆಯಬೇಡಿ. ಮೊದಲ ಬೇಸಿಗೆಯಲ್ಲಿ ನಾನು ಟ್ಯೂಬುಗಳನ್ನು ಬೈಕಿನ ಬಾಕ್ಸ್‌ನಲ್ಲಿಟ್ಟುಕೊಂಡು ಮಧ್ಯಾಹ್ನದವರೆಗೂ ಊರು ಸುತ್ತಿದ್ದೆ. ಚೆನ್ನಾಗಿರುವ ಹಸುಗಳದ್ದೂ ಕಡಿಮೆ ಬಂತು! ದನದ ರಕ್ತದ ವಿಶೇಷ ಇದು: ಟ್ಯೂಬಿನಲ್ಲಿ ಬೆಚ್ಚಗೆ ಇಟ್ಟರೆ ಕೆಂಪು ರಕ್ತಕಣಗಳೇ ಪ್ರೊಜೆಸ್ಟರಾನನ್ನು ಮುರಿದು ಹಾಕುತ್ತವೆ. ಹೆಪಾರಿನ್ ಟ್ಯೂಬಿಗೆ (ರಕ್ತ ಹೆಪ್ಪುಗಟ್ಟದಂತೆ ಔಷಧಿ ಹಾಕಿದ ಟ್ಯೂಬ್) ತೆಗೆದ ತಕ್ಷಣ ಐಸ್‌ನಲ್ಲಿಡಬೇಕು, ಆದಷ್ಟು ಬೇಗ ಲ್ಯಾಬಿನ ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ಪ್ಲಾಸ್ಮಾ, ಅಂದರೆ ಮೇಲೆ ನಿಲ್ಲುವ ತಿಳಿ ದ್ರವ, ಬೇರೆ ಮಾಡಬೇಕು.

ಊರಿನ ಮನುಷ್ಯರ ಲ್ಯಾಬ್‌ನಲ್ಲಿ ಆಗುತ್ತಾ ಅಂತಲೂ ಕೇಳಿದ್ದೀರಿ. ಪ್ರೊಜೆಸ್ಟರಾನ್ ಹೆಂಗಸರಲ್ಲೂ ಹಸುವಿನಲ್ಲೂ ಒಂದೇ ಅಣು, ಹಾಗಾಗಿ ಏರಿಳಿತ ಗೊತ್ತಾಗುತ್ತದೆ. ರಿಪೋರ್ಟಿನ ಪಕ್ಕದಲ್ಲಿ ಅಚ್ಚಾಗಿರುವ ನಾರ್ಮಲ್ ಲೆಕ್ಕ ಮಾತ್ರ ನಮ್ಮ ಹಸು ಗೌರಿಗಲ್ಲ, ಅಲ್ವಾ! ಎಲ್‌ಎಚ್, ಎಫ್‌ಎಸ್‌ಎಚ್ ಎಂಬ, ಅಂಡ ಬೆಳೆಸಿ ಬಿಡುಗಡೆ ಮಾಡಿಸುವ ಹಾರ್ಮೋನುಗಳ ಪರೀಕ್ಷೆ ಮಾಡಿಸಲು ಹೋಗಬೇಡಿ. ಅವು ಪ್ರೋಟೀನ್‌ಗಳು, ಮನುಷ್ಯರದ್ದೇ ಬೇರೆ, ದನದ್ದೇ ಬೇರೆ. ಅದೂ ಅಲ್ಲದೆ ಬೆದೆಯಲ್ಲಿ ಎಲ್‌ಎಚ್ ಜೋರಾಗಿ ಏರುವುದು ಕೆಲವೇ ಗಂಟೆ, ಒಂದು ಟ್ಯೂಬಿಗೆ ಸಿಗುವುದಿಲ್ಲ.

ಇನ್ನೊಂದು ಮಾತು. ಬೆದೆಯ ಲೋಳೆ ಗಾಜಿನ ಹಾಗೆ ತಿಳಿಯಾಗಿತ್ತಾ, ಇಲ್ಲ ಬೆಳ್ಳಗೆ ಕೀವಿನ ಎಳೆ ಇತ್ತಾ? ಎಳೆ ಇದ್ದರೆ ಹಾರ್ಮೋನ್ ಆಮೇಲೆ, ಮೊದಲು ಗರ್ಭಕೋಶದ ಸೋಂಕು ತೋರಿಸಿ.