ಓಪನಿಂಗ್ ಬಿಟ್ಟು ಬೇರೆ ಪಾಠ ಕೇಳಿದವರಿಗೆ

ಹವ್ಯಾಸಿ ಚೆಸ್ ಆಟಗಾರರಿಗೆ ಓಪನಿಂಗ್ (ಆಟದ ಆರಂಭದ ನಡೆಗಳು) ಬಿಟ್ಟು ಬೇರೆ ಏನು ಕಲಿಸಬಹುದು ಎಂದು ಕೇಳಿದ್ದೀರಿ. ಒಂದೇ ಒಂದು ಎಂಡ್‌ಗೇಮ್ (ಕೆಲವೇ ಕಾಯಿಗಳು ಉಳಿದ ಕೊನೆಯ ಹಂತ) ಸ್ಥಿತಿ ಹಿಡಿದು ಇಡೀ ಪಾಠ ಮಾಡಿ. ಬಿಳಿ ರಾಜ ಇ5 ಚೌಕದಲ್ಲಿ, ಬಿಳಿ ಕಾಲಾಳು ಇ4ರಲ್ಲಿ, ಕಪ್ಪು ರಾಜ ಇ7ರಲ್ಲಿ. ಕಪ್ಪಿನ ಸರದಿಯಾದರೆ ಬಿಳಿಗೆ ಗೆಲುವು, ಬಿಳಿಯ ಸರದಿಯಾದರೆ ಡ್ರಾ. ಸುಮ್ನೆ ಉತ್ತರ ಹೇಳಿಬಿಡಬೇಡಿ. ಇಬ್ಬಿಬ್ಬರನ್ನು ಕೂರಿಸಿ, ಬಣ್ಣ ಬದಲಿಸಿ ಆಡಿಸಿ. ಎದುರುಬದುರು ನಿಂತಾಗ ಮೊದಲು ಸರಿಯಬೇಕಾದ ರಾಜನೇ ದಾರಿ ಬಿಡಬೇಕಾಗುತ್ತದೆ ಅನ್ನೋದು ಅವರಿಗೇ ಹೊಳೆಯುತ್ತದೆ. ಆ ಖುಷಿ ನೋಡಬೇಕು ನೀವು! ಆಮೇಲೆ ರೂಕ್ ಇರುವ ಎಂಡ್‌ಗೇಮ್‌ಗೆ ಲುಸೆನಾ (ಗೆಲ್ಲುವ ದಾರಿ), ಫಿಲಿಡೋರ್ (ಡ್ರಾ ಉಳಿಸಿಕೊಳ್ಳುವ ದಾರಿ) ಎಂಬ ಹೆಸರಾಂತ ಸ್ಥಿತಿಗಳು ಇದ್ದೇ ಇವೆ.

ಇನ್ನೊಂದು, ಪಜಲ್‌ಗಳಲ್ಲಿ ನಾವು ಗೆಲ್ಲುವ ನಡೆ ಹುಡುಕೋದೇ ಜಾಸ್ತಿ, ಅಲ್ವಾ? ‘ಎದುರಾಳಿ ಈಗ ಏನು ಮಾಡಲು ಹೊರಟಿದ್ದಾನೆ?’ ಎಂದಷ್ಟೇ ಕೇಳುವ ಪಜಲ್ ಕೊಡಿ. ಅವನ್ನು ಅವರೇ ಸೋತ ಆಟಗಳಿಂದ ಆರಿಸಿ.