ಕೌಸ್ಲಿಪ್ ಎಂದರೆ ಹಸುವಿನ ತುಟಿಯಲ್ಲ

ಪ್ರಶ್ನೆ: ಇಂಗ್ಲಿಷ್ ಕವಿತೆಯೊಂದರಲ್ಲಿ ಕೌಸ್ಲಿಪ್ ಎಂಬ ಹಳದಿ ಕಾಡುಹೂ ಬರುತ್ತದೆ. ‘ಹಸುವಿನ ತುಟಿ ಹೂ’ ಎಂದು ಅನುವಾದಿಸಬಹುದೇ?

ಉತ್ತರ: ಬೇಡಿ. ಪದ ಬಿಡಿಸಿದ ಜಾಗವೇ ತಪ್ಪು. ಅದು ಕೌಸ್–ಲಿಪ್ ಅಲ್ಲ, ಕೌ–ಸ್ಲಿಪ್. ಹಳೆಯ ಇಂಗ್ಲಿಷಿನ ರೂಪ ‘ಕೂಸ್ಲಿಪ್ಪೆ’: ‘ಕೂ’ ಎಂದರೆ ಹಸು, ‘ಸ್ಲಿಪ್ಪೆ’ ಎಂದರೆ ಲೊಳಲೊಳ ಜಾರುವಂಥದ್ದು. ನೇರವಾಗಿ ಹೇಳಿದರೆ ಸಗಣಿ! ದನ ಮೇಯುವ ಹುಲ್ಲುಗಾವಲಿನ ಹೂವಾದ್ದರಿಂದ ಹೆಸರು ಅಲ್ಲಿಂದಲೇ ಬಂದಿದೆ. ಇದರ ದಾಯಾದಿ ಆಕ್ಸ್‌ಲಿಪ್‌ನ ಕಥೆಯೂ ಇದೇ, ಅಲ್ಲಿ ಹಸುವಿನ ಬದಲು ಎತ್ತು. ಕವಿತೆಯಲ್ಲಿ ‘ಸಗಣಿಹೂ’ ಎಂದರೆ ಓದುಗರು ಮೂಗು ಮುಚ್ಚಿಕೊಂಡಾರು. ಕೌಸ್ಲಿಪ್ ಎಂದೇ ಉಳಿಸುವುದು ಮೇಲು.

ಪ್ರಶ್ನೆ: ಇದೇ ಹೂವನ್ನು ಜರ್ಮನ್ನರು ಬೀಗದ ಕೈಗೆ ಹೋಲಿಸುತ್ತಾರಂತೆ, ಏಕೆ?

ಉತ್ತರ: ಗಿಡವನ್ನು ಕಣ್ಣಮಟ್ಟಕ್ಕೆ ತಂದು ನೋಡಿದರೆ ತಿಳಿಯುತ್ತದೆ. ಎಲೆಯಿಲ್ಲದ ಒಂದೇ ದಂಟು, ಅದರ ತುದಿಯಿಂದ ಒಂದೇ ಕಡೆಗೆ ಬಾಗಿ ಜೋತುಬಿದ್ದ ಹತ್ತು–ಮೂವತ್ತು ಹೂಗಳು. ಥೇಟ್ ಬೀಗದ ಕೈಗೊಂಚಲು. ಹಾಗಾಗಿ ‘ಶ್ಲ್ಯೂಸೆಲ್‌ಬ್ಲೂಮೆ’, ಬೀಗದ ಕೈ ಹೂ. ಸ್ವರ್ಗದ ಬಾಗಿಲು ಕಾಯುವ ಸಂತ ಪೀಟರ್ ಕೈಜಾರಿ ಕೆಡವಿದ ಕೀಲಿಗಳಿಂದ ಇದು ಹುಟ್ಟಿತೆಂಬ ಐತಿಹ್ಯವೂ ಇದೆ. ನಾರ್ವೆಯಲ್ಲಿ ಕೀಲಿ ಮೇರಿಮಾತೆಯದು. ಐರಿಷ್ ಹೆಸರಿನಲ್ಲಿ ಮತ್ತೆ ಹಸುವೇ, ಆದರೆ ಸಗಣಿಯಲ್ಲ: ‘ಕರೆಯುವ ಹಸುವಿನ ಹಾಲು’. ಕೋಗಿಲೆ ಜಾತಿಯ ಕುಕೂ ಹಕ್ಕಿ ಕೂಗುವ ಕಾಲಕ್ಕೆ ಅರಳುವುದರಿಂದ ಫ್ರೆಂಚರಿಗೆ ಇದು ‘ಕುಕು’. ಅವರು ಕಾಡು ಡ್ಯಾಫೊಡಿಲ್ಲನ್ನೂ ಹಾಗೇ ಕರೆಯುತ್ತಾರೆ. ಅಮೆರಿಕದಲ್ಲಂತೂ ಕೌಸ್ಲಿಪ್ ಎಂದರೆ ಎಷ್ಟೋ ಕಡೆ ಜೌಗುನೆಲದ ಮಾರ್ಷ್ ಮ್ಯಾರಿಗೋಲ್ಡ್ ಎಂಬ ಬೇರೆಯೇ ಹೂ. ಗೊಂದಲವಾದಾಗ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಕೊಟ್ಟ ‘ಪ್ರಿಮುಲಾ ವೆರಿಸ್’ ಹೆಸರನ್ನೇ ಹಿಡಿಯಿರಿ: ವಸಂತದ ಮೊದಲಿಗ.

ಪ್ರಶ್ನೆ: ಕೌಸ್ಲಿಪ್, ಆಕ್ಸ್‌ಲಿಪ್, ಪ್ರಿಮ್‌ರೋಸ್‌ಗಳನ್ನು ಬೇರ್ಪಡಿಸುವುದು ಹೇಗೆ?

ಉತ್ತರ: ಪ್ರಿಮ್‌ರೋಸ್ ಸುಲಭ: ಪ್ರತಿ ಹೂವೂ ಬುಡದಿಂದೆದ್ದ ತನ್ನದೇ ತೊಟ್ಟಿನ ಮೇಲೆ ಒಂಟಿ. ಉಳಿದೆರಡರಲ್ಲಿ ಹೂವನ್ನು ಹೊತ್ತ ಹಸಿರು ಬಟ್ಟಲನ್ನು ನೋಡಿ. ಕೌಸ್ಲಿಪ್‌ನಲ್ಲಿ ಅದು ಉಬ್ಬಿದ ಚೀಲ. ಹೂ ಸಣ್ಣದು, ಕಡು ಹಳದಿ, ಗಂಟಲಲ್ಲಿ ಐದು ಕಿತ್ತಳೆ ಮಚ್ಚೆ. ಆಕ್ಸ್‌ಲಿಪ್‌ನ ಬಟ್ಟಲು ಬಿಗಿ, ಹೂ ಅಗಲ, ಬಣ್ಣ ತಿಳಿ. ಹೂಗಳು ಒಂದೇ ಕಡೆ ಬಾಗದೆ ಸುತ್ತಲೂ ಮುಖ ಮಾಡಿದ್ದರೆ ಅದು ಬಹುತೇಕ ಕೌಸ್ಲಿಪ್–ಪ್ರಿಮ್‌ರೋಸ್ ಮಿಶ್ರತಳಿ.

ಪ್ರಶ್ನೆ: ನನ್ನಲ್ಲಿ ಕೌಸ್ಲಿಪ್‌ನ ಒಂದೇ ಗಿಡವಿದೆ. ಹೂ ಬಿಟ್ಟರೂ ಬೀಜ ಕಟ್ಟುವುದಿಲ್ಲ.

ಉತ್ತರ: ಒಂದೇ ಇರುವುದೇ ಕಾರಣ. ಒಂದು ಹೂವಿನ ಬಾಯೊಳಗೆ ಇಣುಕಿ. ನಡುವೆ ಗುಂಡುಸೂಜಿಯ ತಲೆಯಂಥ ಹಸಿರು ಗುಂಡು ಕಂಡರೆ ಅದು ‘ಪಿನ್’; ಪರಾಗದ ಚೀಲಗಳು ಕೊಳವೆಯ ಒಳಗೆಲ್ಲೋ ಇರುತ್ತವೆ. ಬಾಯಲ್ಲೇ ಪರಾಗದ ಚೀಲಗಳ ಗುಚ್ಛ ಕಂಡರೆ ‘ಥ್ರಮ್’; ಮಗ್ಗದಲ್ಲಿ ಉಳಿಯುವ ಹಾಸುನೂಲಿನ ತುಂಡಿಗೆ ನೇಕಾರರಿಟ್ಟ ಹೆಸರದು. ಒಂದು ಗಿಡದ ಹೂಗಳೆಲ್ಲ ಒಂದೇ ಬಗೆ. ಬೀಜ ಚೆನ್ನಾಗಿ ಕಟ್ಟಲು ಒಂದು ಬಗೆಯ ಪರಾಗ ಇನ್ನೊಂದಕ್ಕೆ ಸೇರಬೇಕು. ಡಾರ್ವಿನ್ ಇದನ್ನು 1862ರಲ್ಲೇ ಪ್ರಕಟಿಸಿದ್ದರು. ಇನ್ನೊಂದು ಬಗೆಯ ಗಿಡ ತಂದು ಪಕ್ಕದಲ್ಲಿ ನೆಡಿ, ಆದರೆ ನರ್ಸರಿಯದೇ ಇರಲಿ. ಬ್ರಿಟನ್ನಿನಲ್ಲಿ ಜಮೀನಿನವರ ಒಪ್ಪಿಗೆಯಿಲ್ಲದೆ ಕಾಡುಗಿಡ ಕೀಳುವುದು 1981ರ ಕಾಯಿದೆ ಪ್ರಕಾರ ಅಪರಾಧ.

ಬೀಜ ಸಿಕ್ಕ ಮೇಲೆ ಬಲಿತ ಕೂಡಲೇ ಬಿತ್ತಿ. ಒಣಗಿಸಿಟ್ಟ ಬೀಜ ನಿದ್ದೆಗೆ ಜಾರುತ್ತದೆ. ಅದನ್ನು ಒದ್ದೆ ಮರಳಲ್ಲಿ ಬೆರೆಸಿ ನಾಲ್ಕರಿಂದ ಆರು ವಾರ ಫ್ರಿಜ್‌ನಲ್ಲಿಡಬೇಕು. ಆಮೇಲೆ ಮಣ್ಣಿನ ಮೇಲೆ ಉದುರಿಸಿ ಬೆರಳಲ್ಲಿ ಒತ್ತಿದರೆ ಸಾಕು, ಮುಚ್ಚಬೇಡಿ. ಮೊಳೆಯಲು ಬೆಳಕು ಬೇಕು. ಹೂವನ್ನು ಎರಡನೇ ವರ್ಷ ನಿರೀಕ್ಷಿಸಿ.